ಹೊಸ ರೈಫಲ್ ‘ಟಿಕ್’ ಅಂದು ಸುಮ್ಮನಾದರೆ

ಪಾಯಿಂಟ್ ಟೂ-ಟೂ ರೈಫಲ್ ಹೊಸದು. ಗುರಿ ಹಿಡಿದು ಟ್ರಿಗರ್ ಒತ್ತಿದರೆ ‘ಟಿಕ್’ ಅಂತಷ್ಟೇ ಸದ್ದು. ಇಂಥ ಹೊತ್ತಲ್ಲಿ ಜನ ಏನು ಮಾಡುತ್ತಾರೆ ಅಂತ ಪಕ್ಕದಲ್ಲಿ ನಿಂತು ಸುಮಾರು ಸಲ ನೋಡಿದ್ದೇನೆ. ಪಟ್ಟನೆ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಸರಳು) ಎಳೆಯುತ್ತಾರೆ, ಸಿಡಿಯದ ತೋಟಾವನ್ನು ಬಿಸಾಕುತ್ತಾರೆ, ಇನ್ನೊಂದು ತುಂಬುತ್ತಾರೆ. ನಾಲ್ಕು ಸಲ ಹೀಗಾದ ಮೇಲೆ ‘ಸ್ಪ್ರಿಂಗ್ ವೀಕು’ ಅಂತ ತೀರ್ಪು ಕೊಡುತ್ತಾರೆ. ರೋಗ ಏನು ಅಂತ ಹೇಳುವ ವಸ್ತು ಆ ಬಿಸಾಕಿದ ತೋಟಾನೇ.

ಮೊದಲು, ಕಾಯಿರಿ. ನಳಿಗೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರ್‌ನಿಂದ ಆಚೆ ಬರಲಿ. ಕನಿಷ್ಠ 30 ಸೆಕೆಂಡ್ ಎಣಿಸಿ. ಮದ್ದು ತಡವಾಗಿ ಹೊತ್ತಿಕೊಳ್ಳುವುದು ಅಪರೂಪ, ಆದರೆ ಬೋಲ್ಟ್ ತೆರೆದಾಗಲೇ ಸಿಡಿದರೆ ಮುಖ ಅಲ್ಲೇ ಇರುತ್ತದೆ. ‘ಟಿಕ್’ ಬದಲು ‘ಪುಸ್’ ಅಂತ ಸಣ್ಣ ಸದ್ದು ಬಂದಿದ್ದರೆ ಇನ್ನೊಂದು ಗುಂಡು ಹಾರಿಸಲೇಬೇಡಿ. ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿರಬಹುದು. ಖಾಲಿ ಮಾಡಿ, ಬೋಲ್ಟ್ ತೆಗೆದು, ಹಿಂದಿನಿಂದ ಬೆಳಕು ಕಾಣುತ್ತದಾ ನೋಡಿ.

ಎರಡನೆಯದು, ಗುರುತು ಓದಿ. ಈ ಲೇಖನ ಬರೆಯುತ್ತಿರುವುದೇ ಇದಕ್ಕಾಗಿ.

ದೊಡ್ಡ ರೈಫಲ್‌ಗಳ ತೋಟಾದಲ್ಲಿ ಬುಡದ ಮಧ್ಯೆ ಕಿಡಿ ಕೊಡುವ ಪ್ರೈಮರ್ ಅಂತ ಬೇರೆ ಬಟ್ಟಲು ಇರುತ್ತದೆ. ಪಾಯಿಂಟ್ ಟೂ-ಟೂ ತೋಟಾ ರಿಮ್‌ಫೈರ್, ಅಂದರೆ ಅಂಚಿಗೆ ಹೊಡೆದು ಸಿಡಿಸುವಂಥದ್ದು. ಅದರಲ್ಲಿ ಈ ಬಟ್ಟಲು ಇಲ್ಲ. ಬುಡದ ಅಂಚು ಮಡಿಸಿದ ಹಾಗೆ ಟೊಳ್ಳಾಗಿರುತ್ತದೆ. ಕಿಡಿ ಕೊಡುವ ಮದ್ದನ್ನು ಹಸಿಯಾಗಿ ಹಾಕಿ, ಗಿರಗಿರನೆ ತಿರುಗಿಸಿ, ಅದು ಆ ಟೊಳ್ಳಿನೊಳಗೆ ಸುತ್ತಲೂ ಹರಡುವಂತೆ ಮಾಡುತ್ತಾರೆ. ಟ್ರಿಗರ್ ಒತ್ತಿದಾಗ ಬೋಲ್ಟ್ ಒಳಗಿನ ಫೈರಿಂಗ್ ಪಿನ್ ಸ್ಪ್ರಿಂಗ್‌ನ ಬಲದಿಂದ ಬಂದು, ಅಂಚನ್ನು ಚೇಂಬರ್‌ನ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಬಾಯಿಗೆ ಒತ್ತಿ ಜಜ್ಜುತ್ತದೆ, ಇಕ್ಕಳದ ಹಾಗೆ. ಒಂದು ದವಡೆ ಪಿನ್, ಇನ್ನೊಂದು ಚೇಂಬರ್. ಅಂಚಿನ ದಪ್ಪ ಸುಮಾರು 1 ಮಿಲಿಮೀಟರ್ ಅಷ್ಟೇ. ಅಷ್ಟರಲ್ಲಿ ಒಂದು ಚೂರು ಕಸ ಸೇರಿದರೂ ಲೆಕ್ಕ ತಪ್ಪುತ್ತದೆ.

ಸರಿಯಾಗಿ ಸಿಡಿದ ತೋಟಾಗಳ ಹತ್ತು ಖಾಲಿ ಕೇಸ್‌ಗಳನ್ನೂ (ಉಳಿದ ಲೋಹದ ಕವಚ) ಸಿಡಿಯದ ತೋಟಾಗಳನ್ನೂ ಬೆಳಕಿನಲ್ಲಿ ಸಾಲಾಗಿಡಿ. ಭೂತಗನ್ನಡಿ ಇದ್ದರೆ ಒಳ್ಳೆಯದು.

ಎರಡರಲ್ಲೂ ಗುರುತು ಒಂದೇ ಆಳವಾಗಿದೆಯಾ? ಹಾಗಿದ್ದರೆ ರೈಫಲ್ ತನ್ನ ಕೆಲಸ ಮಾಡಿದೆ. ಪಿನ್ ಬಿದ್ದ ಜಾಗದಲ್ಲಿ ಕಿಡಿ ಕೊಡುವ ಮದ್ದೇ ಇರಲಿಲ್ಲ ಅನ್ನಬಹುದು. ಅದೇ ತೋಟಾವನ್ನು ಅರ್ಧ ಸುತ್ತು ತಿರುಗಿಸಿ, ಗುರುತು ಬೇರೆ ಕಡೆ ಬರುವಂತೆ ಹಾಕಿ, ಒಂದೇ ಒಂದು ಸಲ ಪ್ರಯತ್ನಿಸಿ. ಸಿಡಿದರೆ ಅನುಮಾನ ಮುಗಿಯಿತು. ಸಿಡಿಯದಿದ್ದರೆ ರೇಂಜ್‌ನಲ್ಲಿ ಇಂಥವಕ್ಕೆ ಇಟ್ಟ ಡಬ್ಬಿಗೆ ಹಾಕಿ, ಜೇಬಿಗಲ್ಲ. ನೂರುಗಟ್ಟಲೆ ಸುಮ್ನೆ ಸುರಿದು ಮಾರುವ ಅಗ್ಗದ ತೋಟಾದಲ್ಲಿ ಇದು ಜಾಸ್ತಿ. ಅದನ್ನು ಹಾಕಿ ಹೊಸ ರೈಫಲ್‌ನ ಗುಣ ಅಳೆಯಬೇಡಿ. ಮೂರು ಬೇರೆ ಬೇರೆ ಕಂಪನಿಯ ತೋಟಾ ತಂದು, ಪ್ರತಿಯೊಂದರಲ್ಲೂ 50 ಹಾರಿಸಿ, ಬರೆದಿಡಿ. ಒಂದರಲ್ಲಿ ಮಾತ್ರ ತೊಂದರೆ ಇದ್ದರೆ ಅದನ್ನು ಬಿಟ್ಟುಬಿಡಿ.

ಸಿಡಿಯದ್ದರಲ್ಲಿ ಗುರುತು ತೆಳುವಾಗಿದ್ದರೆ ಹೊಡೆತದ ಬಲ ಎಲ್ಲೋ ಸೋರಿದೆ. ಇಲ್ಲಿ ಒಂದು ಸುಳಿವು ಹಿಡಿಯಿರಿ: ತೋಟಾವನ್ನು ಹೊರಗೆ ತೆಗೆಯದೆ ಎರಡನೇ ಹೊಡೆತ ಕೊಟ್ಟಾಗ ಪ್ರತಿ ಸಲ ಸಿಡಿಯುತ್ತಿದೆಯಾ? ಹಾಗಾದರೆ ಮೊದಲ ಹೊಡೆತ ತೋಟಾವನ್ನು ಮುಂದಕ್ಕೆ ತಳ್ಳುವುದರಲ್ಲೇ ಖರ್ಚಾಗಿದೆ. ತೋಟಾ ಚೇಂಬರ್‌ನಲ್ಲಿ ಪೂರ್ತಿ ಕೂತಿರಲಿಲ್ಲ. ಈ ಗುಂಡುಗಳಿಗೆ ಮೇಣದಂಥ ಲೇಪ ಇರುತ್ತದೆ, ಅದು ಚೇಂಬರ್‌ನಲ್ಲಿ ಕಟ್ಟಿಕೊಳ್ಳುತ್ತದೆ. ಸ್ಪರ್ಧೆಯ ರೈಫಲ್‌ಗಳ ಚೇಂಬರ್ ಮೊದಲೇ ಬಿಗಿ. ಬ್ರಷ್‌ನಿಂದ ತಿಕ್ಕಿ ಒರೆಸಿದರೆ ಎಷ್ಟೋ ಸಲ ಅಲ್ಲಿಗೇ ಸರಿ.

ಗುರುತು ಅಂಚು ಬಿಟ್ಟು ಒಳಗೆ ಬಿದ್ದಿದ್ದರೆ ಅಥವಾ ಅರ್ಧ ಹೊರಗೆ ಜಾರಿದ್ದರೆ ನೀವು ಏನೂ ಮಾಡಬೇಡಿ. ಅದು ಬಂದೂಕು ರಿಪೇರಿಯವರ ಕೆಲಸ.

ಮೂರನೆಯದು, ಬೋಲ್ಟ್‌ನ ಹಿಡಿಕೆ. ತೆಳು ಗುರುತಿಗೆ ಹೊಸ ರೈಫಲ್‌ನಲ್ಲಿ ಇನ್ನೊಂದು ಕಾರಣ ಇದೆ, ಯಾರೂ ನೋಡುವುದಿಲ್ಲ. ಬೋಲ್ಟ್‌ನ ಹಿಡಿ ಪೂರ್ತಿ ಕೆಳಗೆ ಬರುತ್ತಿಲ್ಲ. ಕೂದಲೆಳೆಯಷ್ಟು ಮೇಲೆ ನಿಂತಿದ್ದರೂ ಪಿನ್‌ನ ಬಲ ಒಂದಷ್ಟು ಬೋಲ್ಟನ್ನು ಮುಚ್ಚುವುದಕ್ಕೇ ಹೋಗುತ್ತದೆ. ಮೊನ್ನೆ ತಾನೇ ಕೂರಿಸಿದ ಸ್ಕೋಪ್‌ನ ಹಿಂಭಾಗಕ್ಕೆ ಹಿಡಿ ತಗುಲುತ್ತಿರಬಹುದು, ಇಲ್ಲ ರೈಫಲ್‌ನ ಮರದಲ್ಲಿ ಹಿಡಿ ಕೂರಲು ಕೊರೆದ ಕಚ್ಚಿಗೆ ತಾಗುತ್ತಿರಬಹುದು. ರೈಫಲ್ ಖಾಲಿ ಮಾಡಿ, ಬೋಲ್ಟ್ ಮುಚ್ಚಿ, ಹಿಡಿಯ ಕೆಳಗೆ ಕಾಗದದ ಚೂರು ತೂರಿಸಿ. ಸಲೀಸಾಗಿ ಸರಿದಾಡಬೇಕು. ಸಿಕ್ಕಿಕೊಂಡರೆ ಕಳ್ಳ ಸಿಕ್ಕ. ಸ್ಕೋಪ್ ಬೇಸ್‌ನ ಸ್ಕ್ರೂ ಉದ್ದವಾಗಿ ಒಳಗೆ ಚಾಚಿದ್ದರೂ ಇದೇ ಗತಿ. ಸೆಮಿ ಆಟೊಮ್ಯಾಟಿಕ್ ಆದರೆ ಬೋಲ್ಟನ್ನು ಮೆಲ್ಲಗೆ ಕೈಯಿಂದ ಕಳಿಸಬೇಡಿ. ಎಳೆದು ಬಿಟ್ಟುಬಿಡಿ, ಅದರ ಸ್ಪ್ರಿಂಗೇ ಮುಚ್ಚಲಿ.

ನಾಲ್ಕನೆಯದು, ಗ್ರೀಸ್. ತುಕ್ಕು ಹಿಡಿಯಬಾರದು ಅಂತ ಕಾರ್ಖಾನೆಯಲ್ಲಿ ದಪ್ಪ ಎಣ್ಣೆ ಬಳಿದು ಕಳಿಸುತ್ತಾರೆ. ಅದು ಪಿನ್ ಓಡುವ ದಾರಿಯಲ್ಲೂ ಇರುತ್ತದೆ. ಚಳಿಯಲ್ಲಿ ಗಟ್ಟಿಯಾಗಿ ಪಿನ್ನನ್ನು ಎಳೆದು ಹಿಡಿಯುತ್ತದೆ. ಕೈಪಿಡಿ ನೋಡಿಕೊಂಡು ಬೋಲ್ಟ್ ಬಿಚ್ಚಿ, ಬಿಚ್ಚುವ ಪ್ರತಿ ಹಂತದ ಫೋಟೊ ತೆಗೆದಿಟ್ಟುಕೊಳ್ಳಿ. ಬಂದೂಕಿನ ಸಾಲ್ವೆಂಟ್‌ನಲ್ಲಿ ತೊಳೆದು ಒಣಗಿಸಿ. ಪಿನ್ ಓಡುವ ಜಾಗ ಒಣಗಿಯೇ ಇರಲಿ. ಎಣ್ಣೆ ಹಾಕಲೇಬೇಕು ಅನಿಸಿದರೆ ಬಟ್ಟೆಯಲ್ಲಿ ಒರೆಸಿದಷ್ಟು ಸಾಕು, ಹನಿ ಬೇಡ. ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ ತಂದು ತೂತಿನಿಂದ ಒಳಕ್ಕೆ ಹೊಡೆಯುವವರಿದ್ದಾರೆ. ಹಳೇ ಗ್ರೀಸ್ ಸ್ವಲ್ಪ ಕರಗುತ್ತದೆ, ಎರಡು ದಿನ ಚೆನ್ನಾಗಿ ಓಡುತ್ತದೆ. ಆಮೇಲೆ ಎರಡೂ ಸೇರಿ ಅಂಟಾಗಿ ಕೂರುತ್ತದೆ.

ಜೋಡಿಸಿದ ಮೇಲೆ ‘ಪಿನ್ ಓಡುತ್ತಾ’ ಅಂತ ಖಾಲಿ ಚೇಂಬರ್‌ಗೆ ಟಕಟಕ ಅಂತ ಹೊಡೆಯಬೇಡಿ. ಕೈಪಿಡಿ ಅನುಮತಿ ಕೊಟ್ಟ ರೈಫಲ್ ಬೇರೆ ಮಾತು. ಉಳಿದವುಗಳಲ್ಲಿ ತೋಟಾದ ಅಂಚು ಇಲ್ಲದಿದ್ದರೆ ಪಿನ್ ನೇರ ಚೇಂಬರ್ ಬಾಯಿಗೇ ಬಡಿದು ತಗ್ಗು ಮಾಡಬಹುದು. ಇಕ್ಕಳದ ಒಂದು ದವಡೆ ಸವೆದ ಹಾಗೆ ಆಗಿ, ಇಲ್ಲದ ರೋಗ ಅಂಟಿಕೊಳ್ಳುತ್ತದೆ. ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಅಭ್ಯಾಸದ ತೋಟಾ) ಹಾಕಿಕೊಳ್ಳಿ. ಗೋಡೆ ತೂತಿಗೆ ಹಾಕುವ ಪ್ಲಾಸ್ಟಿಕ್ ಪ್ಲಗ್ ಬಳಸುವವರೂ ಇದ್ದಾರೆ. ಸರಿಯಾದ ಅಳತೆಯದು ಸಿಕ್ಕರೆ ನಡೆಯುತ್ತದೆ, ನನಗೆ ಮಾತ್ರ ಹಾರಿಸಿದ ಖಾಲಿ ಕೇಸನ್ನೇ ತಿರುಗಿಸಿ ತಿರುಗಿಸಿ ಹಾಕುವುದು ಇಷ್ಟ.

ಇಷ್ಟೆಲ್ಲ ಆದ ಮೇಲೂ ಮೂರೂ ಕಂಪನಿಯ ತೋಟಾದಲ್ಲಿ ತೆಳು ಗುರುತೇ ಬರುತ್ತಿದ್ದರೆ ಆಗ ಸ್ಪ್ರಿಂಗ್ ಮೇಲೆ ಅನುಮಾನ ಪಡಿ. ಆದರೂ ಸ್ಪ್ರಿಂಗ್ ಎಳೆದು ಉದ್ದ ಮಾಡುವುದು, ಪಿನ್‌ಗೆ ಅರ ಹಾಕುವುದು ಬೇಡ. ಗುರುತುಗಳ ಫೋಟೊ, ಖಾಲಿ ಕೇಸ್‌ಗಳು, ಬರೆದಿಟ್ಟ ಲೆಕ್ಕ ತೆಗೆದುಕೊಂಡು ಮಾರಿದವರ ಹತ್ತಿರ ಹೋಗಿ. ಅರ ತಾಗಿದ ಪಿನ್ ಕಂಡರೆ ಅವರು ಮಾತಾಡುವುದು ಆ ಪಿನ್ ಬಗ್ಗೆ ಮಾತ್ರ.