ಸೊಪ್ಪಿನ ಬೆಟ್ಟ ಮತ್ತೆ ಹಸಿರಾದದ್ದು

ಶಿರಸಿ ಕಡೆಯ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟವೇ, ಅಂದರೆ ಸೊಪ್ಪು ತರುವ ಕಾಡೇ ಆಧಾರ. ಬ್ರಿಟಿಷರ ಕಾಲದಲ್ಲೇ 1 ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸೌಲಭ್ಯ ಕೊಟ್ಟಿದ್ದರು. ಕೊಟ್ಟಿಗೆಗೆ ಹಾಸುವ ಸೊಪ್ಪು, ದರಕು (ಉದುರಿದ ಒಣ ಎಲೆ), ದನಕ್ಕೆ ಕರಡ ಹುಲ್ಲು ಎಲ್ಲ ಅಲ್ಲಿಂದಲೇ. ನಮ್ಮ ಪಾಲಿನ ಬೆಟ್ಟ ನನ್ನ ಕೈಗೆ ಬರುವಾಗ ಬೋಳಾಗಿತ್ತು.

ಮೊದಲ ಮಳೆಗಾಲ ಹುರುಪಿನಲ್ಲಿ ಗಿಡ ನೆಟ್ಟೆ. ಹಲಸು, ನೇರಳೆ, ಹೊನ್ನೆ. ಸುತ್ತ ಮುಳ್ಳುತಂತಿ ಬೇಲಿ. ಬೇಸಿಗೆ ಹೊತ್ತಿಗೆ ತಂತಿ ನಾಲ್ಕು ಕಡೆ ತುಂಡಾಗಿತ್ತು. ಗಿಡ ದನದ ಹೊಟ್ಟೆ ಸೇರಿತ್ತು. ಉಳಿದದ್ದನ್ನು ಬೆಂಕಿ ಸುಟ್ಟಿತು. ನನಗೆ ಸಿಟ್ಟು ಬಂತು. ಆದರೆ ಪಕ್ಕದ ಕೇರಿಯ ಅಜ್ಜಿ, "ತಮ್ಮಾ, ಬೇಲಿ ಹಾಕಿದ್ರೆ ನಮ್ಮ ದನ ಎಲ್ಲಿಗೆ ಹೋಗ್ಬೇಕು?" ಎಂದಾಗ ಉತ್ತರ ಹೊಳೆಯಲಿಲ್ಲ.

1983ರಲ್ಲಿ ನಮ್ಮ ತಾಲೂಕಿನ ಸಲ್ಕಣಿಯಲ್ಲಿ ಶುರುವಾದ, ಮರ ಅಪ್ಪಿಕೊಂಡು ಕಾಡು ಉಳಿಸುವ ಅಪ್ಪಿಕೋ ಚಳವಳಿಯ ಮಾತು 'ಉಳಿಸು, ಬೆಳೆಸು, ಬಳಸು'. ಚಿಕ್ಕಂದಿನಿಂದ ಕೇಳಿದ್ದೆ. ನಾನು ನಡುವಿನದನ್ನಷ್ಟೇ ಹಿಡಿದುಕೊಂಡಿದ್ದೆ.

ಮರುವರ್ಷ ಗಿಡ ನೆಡಲಿಲ್ಲ. ಕೇರಿಯವರ ಜೊತೆ ಬೆಟ್ಟದಲ್ಲೇ ಕೂತು ಮಾತಾಡಿದೆ. ದನ ಬಿಡಬೇಡಿ, ಕರಡ ಕೊಯ್ದು ಒಯ್ಯಿರಿ, ದುಡ್ಡು ಬೇಡ ಎಂದೆ. ಕೆಳಗಿನ ಒಂದು ಪಟ್ಟಿಯನ್ನಾದರೂ ಮೇಯಲು ಬಿಡಿ ಎಂದರು. ಬಿಟ್ಟೆ. ಜನವರಿಯಲ್ಲಿ ಎಲ್ಲರೂ ಸೇರಿ ಅಂಚಿನುದ್ದಕ್ಕೂ ದರಕು ಗುಡಿಸಿ, ಬೆಂಕಿ ದಾಟದಂತೆ ಜಾಗ ಖಾಲಿ ಮಾಡಿದೆವು. ಈಗ ಹೊಗೆ ಕಂಡರೆ ನನಗಿಂತ ಮೊದಲು ಓಡುವವರು ಅವರೇ. ಸುಡುವುದು ಅವರ ಹುಲ್ಲು ಅಲ್ವಾ?

ಮೂರನೇ ಮಳೆಗೆ, ಸತ್ತೇ ಹೋಗಿದೆ ಅಂದುಕೊಂಡಿದ್ದ ಮತ್ತಿ ಮರದ ಬೊಡ್ಡೆಯ ಸುತ್ತ ಐದಾರು ಚಿಗುರು. ಗಟ್ಟಿಯಾದ ಎರಡನ್ನು ಬಿಟ್ಟು ಉಳಿದದ್ದನ್ನು ಸವರಿದೆ. ಬೇರು ಹಳೆಯದು, ಆಳಕ್ಕಿಳಿದದ್ದು. ನರ್ಸರಿ ಗಿಡಕ್ಕಿಂತ ಎಷ್ಟೋ ಬೇಗ ಎದ್ದವು. ಸೊಪ್ಪು ಕಡಿಯುವಾಗ ತುದಿ ಕುಡಿ ಮುಟ್ಟುವುದಿಲ್ಲ, ಈ ವರ್ಷ ಕಡಿದ ಮರಕ್ಕೆ ಮುಂದಿನ ವರ್ಷ ಕತ್ತಿ ತಾಗಿಸುವುದಿಲ್ಲ.

ಹುಳಿ ಸಿಪ್ಪೆಯ ಕಾಡುಹಣ್ಣು ಉಪ್ಪಾಗೆಯದ್ದೇ ಇನ್ನೂ ಜಗ್ಗಾಟ. ಹಣ್ಣಾಗುವವರೆಗೆ ಕಾದರೆ ಬೇರೆಯವರ ಪಾಲಾದೀತೆಂದು ಕಾಯಿ ಇರುವಾಗಲೇ ಟೊಂಗೆ ಕಡಿಯುತ್ತಿದ್ದರು. ಈ ಸಲ ಒಂದೊಂದು ಮನೆಗೆ ಇಂತಿಷ್ಟು ಮರ ಎಂದು ಹಂಚಿಕೊಂಡಿದ್ದೇವೆ. ಟೊಂಗೆ ಕಡಿಯುವುದು ನಿಂತಿದೆ. ಆದರೆ ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಕಟ್ಟಿಗೆ ಸಿಕ್ಕಾಪಟ್ಟೆ ಬೇಕು. ಎಲ್ಲರಿಗೂ ಸೇರಿ ಕಡಿಮೆ ಕಟ್ಟಿಗೆಯ ಒಂದು ದೊಡ್ಡ ಒಲೆ ಕಟ್ಟುವ ಮಾತಾಗಿದೆ. ಇಟ್ಟಿಗೆ ಬಂದು ನಮ್ಮ ಅಂಗಳದಲ್ಲಿ ಬಿದ್ದಿದೆ.