ಪ್ಲಸ್ ಸರಿ ಇತ್ತು, ಮೈನಸ್ ಕೈಕೊಟ್ಟಿತ್ತು: ಟ್ರೇಲರ್ ಬ್ಯಾಟರಿ ಚಾರ್ಜ್ ಆಗದಿದ್ದಾಗ ನಾನು ಮಾಡಿದ್ದು

ರಾತ್ರಿ ಮೂರು ಗಂಟೆ ಇರಬಹುದು. ಆಗುಂಬೆ ಹತ್ತಿರ ಪರಿಚಯದವರ ಮನೆ ಅಂಗಳದಲ್ಲಿ, ಜೀಪಿನ ಹಿಂದೆ ಕಟ್ಟಿ ಎಳೆಯುವ ನಮ್ಮ ಟ್ರೇಲರ್ ನಿಲ್ಲಿಸಿ ಅದರೊಳಗೆ ಮಲಗಿದ್ದೆವು. ಆರಿದ್ರಾ ಮಳೆ ತಗಡಿನ ಮೇಲೆ ಒಂದೇ ಸಮನೆ ಹೊಡೆಯುತ್ತಿತ್ತು. ಆ ಸದ್ದಿನ ನಡುವೆ ಬೀಪ್ ಬೀಪ್ ಅಂತ ಕೇಳಿಸಿತು. ಎದ್ದು ನೋಡಿದರೆ ಫ್ರಿಜ್ ಆಫ್ ಆಗಿದೆ. ಅದರೊಳಗೆ ಅಮ್ಮನ ಇನ್ಸುಲಿನ್ ಇತ್ತು.

ಫ್ರಿಜ್ ಕೆಟ್ಟಿರಲಿಲ್ಲ. ವೋಲ್ಟೇಜ್ ತೀರಾ ಇಳಿದರೆ ಬ್ಯಾಟರಿ ಉಳಿಯಲಿ ಅಂತ ಈ 12 ವೋಲ್ಟ್ ಫ್ರಿಜ್‌ಗಳು ತಾವಾಗಿಯೇ ನಿಲ್ಲುತ್ತವೆ. ನನ್ನ ತಲೆಬಿಸಿ ಬೇರೆ. ಅವತ್ತು ಸಾಗರದಿಂದ ಹೊಸನಗರ, ತೀರ್ಥಹಳ್ಳಿ ಮೇಲೆ ನಾಲ್ಕು ಗಂಟೆ ಜೀಪ್ ಓಡಿಸಿದ್ದೆ. ಜೀಪಿನ ಡೈನಮೋದಿಂದ ಟ್ರೇಲರಿನ ಬ್ಯಾಟರಿಗೆ ವೈರ್ ಇದೆ. ನಾಲ್ಕು ಗಂಟೆ ಓಡಿದ ಮೇಲೆ ಬ್ಯಾಟರಿಯಲ್ಲಿ ಒಂದು ರಾತ್ರಿಗಾಗುವಷ್ಟಾದರೂ ಚಾರ್ಜ್ ಇರಬೇಕು, ಅಲ್ವಾ?

ಬಳಸುತ್ತಿರುವ ಇನ್ಸುಲಿನ್ ಬಾಟಲಿ ತಂಪು ಜಾಗದಲ್ಲಿ ಕೆಲವು ದಿನ ಹೊರಗಿದ್ದರೂ ನಡೆಯುತ್ತದೆ. ಇನ್ನೂ ತೆರೆಯದ ಬಾಟಲಿಗಳಿಗೆ ಮಾತ್ರ 2ರಿಂದ 8 ಡಿಗ್ರಿಯ ಫ್ರಿಜ್ ಬೇಕು. ನಮ್ಮ ಹತ್ತಿರ ಅಂಥವು ಮೂರು ಇದ್ದವು. ಬೆಳಕು ಹರಿಯುತ್ತಿದ್ದಂತೆ ತೀರ್ಥಹಳ್ಳಿಗೆ ವಾಪಸ್ ಬಂದು ಒಂದು ಔಷಧಿ ಅಂಗಡಿ ಬಾಗಿಲು ತೆಗೆಯುವವರೆಗೆ ಕಾದೆವು. ಅಂಗಡಿಯವರು ಏನೂ ಕೇಳದೆ ಬಾಟಲಿಗಳನ್ನು ತಮ್ಮ ಫ್ರಿಜ್ಜಿನಲ್ಲಿ ಇಟ್ಟುಕೊಂಡರು. ಆ ಉಪಕಾರ ನಾನು ಮರೆಯುವುದಿಲ್ಲ.

ಆಮೇಲೆ ನಾನು ಮಾಡಿದ್ದು ತಪ್ಪು ಕೆಲಸ. ಬ್ಯಾಟರಿ ಹಳೆಯದಾಗಿದೆ ಅಂತ ಒಬ್ಬರು ಹೇಳಿದರು. ಅದನ್ನು ಕೊಟ್ಟು ಹೊಸ 100 ಆಂಪಿಯರ್-ಅವರ್ ಬ್ಯಾಟರಿ ತಂದೆ. ಎರಡು ವಾರ ಚೆನ್ನಾಗಿತ್ತು. ಮೂರನೇ ವಾರ ಹೊಸ ಬ್ಯಾಟರಿಯೂ ಹಳೆಯದರ ಹಾಗೆಯೇ ಮಲಗಿತು. ಹೊಸ ಬ್ಯಾಟರಿ ಅಂಗಡಿಯಿಂದ ತುಂಬಿಕೊಂಡು ಬಂದಿದ್ದ ಚಾರ್ಜನ್ನೇ ನಾವು ಅಷ್ಟು ದಿನ ತಿಂದಿದ್ದು. ಒಳಗೆ ಬರುವುದು ಹೆಚ್ಚೇನೂ ಇರಲಿಲ್ಲ. ಹಳೆ ಬ್ಯಾಟರಿಯನ್ನು ಸುಮ್ನೆ ಕೊಟ್ಟುಬಿಟ್ಟೆನಲ್ಲ ಎಂಬ ಸಂಕಟ ಈಗಲೂ ಇದೆ.

ಆಗ ವೋಲ್ಟೇಜ್ ನೋಡಲು ಒಂದು ಮಲ್ಟಿಮೀಟರ್ ಮತ್ತು ಡಿಸಿ (ಬ್ಯಾಟರಿಯ) ಕರೆಂಟ್ ಅಳೆಯುವ, ವೈರಿನ ಸುತ್ತ ಕಚ್ಚಿ ಹಿಡಿಯುವ ಕ್ಲ್ಯಾಂಪ್ ಮೀಟರ್ ತಂದೆ. ಕ್ಲ್ಯಾಂಪ್ ಮೀಟರ್ ಕೊಳ್ಳುವಾಗ ಡಿಸಿ ಆಂಪಿಯರ್ ಅಳೆಯುತ್ತದಾ ಅಂತ ಕೇಳಿಯೇ ತೆಗೆದುಕೊಳ್ಳಿ. ಕಡಿಮೆ ಬೆಲೆಯ ಎಷ್ಟೋ ಮೀಟರ್‌ಗಳು ಎಸಿ (ಮನೆಯ ಕರೆಂಟ್) ಮಾತ್ರ ಅಳೆಯುತ್ತವೆ, ಈ ಕೆಲಸಕ್ಕೆ ಅವು ಬರುವುದಿಲ್ಲ.

ಮೊದಲು ಬ್ಯಾಟರಿಯ ನಿಜವಾದ ಸ್ಥಿತಿ ನೋಡಬೇಕು. ಫ್ರಿಜ್, ಲೈಟು ಅಂತ ಎಲ್ಲ ಲೋಡ್ ಬಿಚ್ಚಿ, ಚಾರ್ಜರ್ ತೆಗೆದು, ಮೂರು ನಾಲ್ಕು ಗಂಟೆ ಹಾಗೇ ಬಿಟ್ಟು ಆಮೇಲೆ ಅಳೆಯಬೇಕು. ಲೆಡ್ ಆಸಿಡ್ ಬ್ಯಾಟರಿ ಆಗ 12.7 ವೋಲ್ಟ್ ತೋರಿಸಿದರೆ ತುಂಬಿದೆ ಅಂತ. 12.2 ಅಂದರೆ ಹೆಚ್ಚುಕಡಿಮೆ ಅರ್ಧ. 12ರ ಕೆಳಗೆ ಹೋಗಿದ್ದರೆ ಉಳಿದಿರುವುದು ಸ್ವಲ್ಪವೇ. ಗಾಡಿ ನಿಲ್ಲಿಸಿದ ತಕ್ಷಣ ಅಳೆದರೆ 13 ತೋರಿಸಿ ಮೋಸ ಮಾಡುತ್ತದೆ. ನನ್ನ ಹೊಸ ಬ್ಯಾಟರಿ 11.9ರಲ್ಲಿತ್ತು.

ಜೀಪ್ ಸ್ಟಾರ್ಟ್ ಮಾಡಿ ಅದರ ಬ್ಯಾಟರಿ ಅಳೆದೆ. 14.2. ಡೈನಮೋ ಆರೋಗ್ಯವಾಗಿದೆ. ಹಿಂದೆ ಹೋಗಿ ಟ್ರೇಲರಿನ ಏಳು ಪಿನ್ನಿನ ಪ್ಲಗ್ ಬಿಚ್ಚಿ, ಜೀಪಿನ ಸಾಕೆಟ್ಟಿನಲ್ಲೇ ಅಳೆದೆ. 14.1. ಲೈನ್ ಸರಿ ಇದೆ ಅಂದುಕೊಂಡು ಅಲ್ಲೇ ಎರಡು ದಿನ ಕಳೆದೆ.

ನಮ್ಮ ಪೇಟೆಯ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ದಾರಿ ತೋರಿಸಿದರು. ನನ್ನ ಲೆಕ್ಕ ಎಲ್ಲ ಕೇಳಿ ಅವರು ಹೇಳಿದ್ದು ಇಷ್ಟೇ: "ಪ್ಲಗ್ ಬಿಚ್ಚಿ ನೋಡಿದ್ರೆ ಏನ್ ಗೊತ್ತಾಗ್ತದೆ ಮಾರಾಯ್ರೆ? ಕರೆಂಟ್ ಹರಿಯೋವಾಗ ನೋಡಿ. ಮತ್ತೆ ಹೋಗೋ ದಾರಿ ಮಾತ್ರ ಅಲ್ಲ, ವಾಪಸ್ ಬರೋ ದಾರಿನೂ ನೋಡಿ."

ಅವರ ಮಾತಿನ ಒಳಗುಟ್ಟು ಹೀಗೆ. ಮೀಟರ್ ತಾನು ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು. ನೂರು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದರ ಮೂಲಕ ಮೀಟರಿಗೆ 14 ವೋಲ್ಟ್ ಪೂರ್ತಿ ಕಾಣಿಸುತ್ತದೆ. ಹತ್ತು ಆಂಪಿಯರ್ ಎಳೆದು ನೋಡಿ, ಆಗ ಬಣ್ಣ ಬಯಲಾಗುತ್ತದೆ. ಮನೆಯ ನಲ್ಲಿಯ ಬಾಯಿ ಬೆರಳಿನಿಂದ ಮುಚ್ಚಿದರೆ ಒತ್ತಡ ಜೋರಾಗಿಯೇ ಇರುತ್ತದೆ. ಪೈಪಿನಲ್ಲಿ ಕಸ ಕಟ್ಟಿರುವುದು ಗೊತ್ತಾಗುವುದು ಬೆರಳು ತೆಗೆದು ಬಿಂದಿಗೆ ಇಟ್ಟಾಗ.

ಪ್ಲಗ್ ಹಾಕಿದೆ. ಫ್ರಿಜ್, ಲೈಟು ಎಲ್ಲ ಹಚ್ಚಿದೆ. ಜೀಪ್ ಓಡುತ್ತಲೇ ಇತ್ತು. ಈಗ ಟ್ರೇಲರಿನ ಬ್ಯಾಟರಿಯಲ್ಲಿ 12.6 ವೋಲ್ಟ್ ಮಾತ್ರ. ಕ್ಲ್ಯಾಂಪ್ ಮೀಟರಿನಲ್ಲಿ ಬರುತ್ತಿದ್ದ ಕರೆಂಟ್ ಬರೀ 3 ಆಂಪಿಯರ್. ಫ್ರಿಜ್ ಒಂದೇ ಅದನ್ನು ತಿಂದು ಮುಗಿಸುತ್ತದೆ. ಮುಂದೆ 14.2, ಹಿಂದೆ 12.6. ನಡುವೆ 1.6 ವೋಲ್ಟ್ ಎಲ್ಲೋ ಕಳೆದುಹೋಗುತ್ತಿತ್ತು.

ಅದನ್ನು ಹುಡುಕಲು ಅವರು ಹೇಳಿಕೊಟ್ಟ ವಿಧಾನ ನನಗೆ ತುಂಬಾ ಇಷ್ಟವಾಯಿತು. ಮೀಟರಿನ ಒಂದು ಕಡ್ಡಿಗೆ ಉದ್ದದ ವೈರ್ ಜೋಡಿಸಿಕೊಂಡು, ಜೀಪಿನ ಬ್ಯಾಟರಿಯ ಪ್ಲಸ್‌ಗೂ ಟ್ರೇಲರ್ ಬ್ಯಾಟರಿಯ ಪ್ಲಸ್‌ಗೂ ನಡುವೆ ಅಳೆಯಬೇಕು. ದಾರಿ ಚೆನ್ನಾಗಿದ್ದರೆ ಸೊನ್ನೆಯ ಹತ್ತಿರ ಬರಬೇಕು. ಬಂದದ್ದು 0.4. ಆಮೇಲೆ ಮೈನಸ್‌ನಿಂದ ಮೈನಸ್‌ಗೆ. ಅಲ್ಲಿ 1.2! ಕಳೆದುಹೋದ ವೋಲ್ಟೇಜಿನ ಮುಕ್ಕಾಲು ಪಾಲು ವಾಪಸ್ ಬರುವ ದಾರಿಯಲ್ಲೇ ಇತ್ತು. ಇಷ್ಟು ದಿನ ನಾನು ಬರೀ ಕೆಂಪು (ಪ್ಲಸ್) ವೈರ್ ಹಿಡಿದು ಓಡಾಡಿದ್ದೆ.

ಇನ್ನು ಮೈನಸ್ ದಾರಿಯನ್ನು ತುಂಡು ತುಂಡಾಗಿ ಅಳೆದೆ. ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿ, ಈ ದಾರಿಯ ಒಂದು ಭಾಗ. ಜೀಪಿನ ಬ್ಯಾಟರಿ ಮೈನಸ್‌ನಿಂದ ಜೀಪಿನ ಚಾಸಿಗೆ 0.03. ತೊಂದರೆ ಇಲ್ಲ. ಜೀಪಿನ ಚಾಸಿಯಿಂದ ಟ್ರೇಲರಿನ ಚಾಸಿಗೆ 0.3. ಟ್ರೇಲರಿನ ಚಾಸಿಯಿಂದ ಬ್ಯಾಟರಿಯ ಮೈನಸ್‌ಗೆ 0.85.

ಮೂರನೆಯದನ್ನು ನೋಡಲು ಟ್ರೇಲರಿನ ಕೆಳಗೆ ತೆವಳಿದೆ. ಬ್ಯಾಟರಿಯ ಕಪ್ಪು (ಮೈನಸ್) ವೈರನ್ನು ಥಿಂಬಲ್ (ವೈರಿನ ತುದಿಗೆ ಒತ್ತಿ ಕೂರಿಸುವ ಉಂಗುರ) ಹಾಕಿ ಚಾಸಿಗೆ ಬೋಲ್ಟ್ ಮಾಡಿದ್ದರು. ಬಣ್ಣ ಹೊಡೆದ ಕಬ್ಬಿಣದ ಮೇಲೇ ಕೂರಿಸಿದ್ದರು! ಬೋಲ್ಟಿನ ಥ್ರೆಡ್‌ಗಳು ತಾಗಿದ್ದಷ್ಟರಿಂದ ಇಷ್ಟು ದಿನ ಕೆಲಸ ನಡೆದಿತ್ತು. ಚಕ್ರದ ನೀರು ನೇರ ಅಲ್ಲಿಗೇ ಚಿಮ್ಮುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಥ್ರೆಡ್‌ಗಳಿಗೆ ತುಕ್ಕು, ತಾಮ್ರದ ಥಿಂಬಲ್ಲಿಗೆ ಹಸಿರು ಕಿಲುಬು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನ ಬಟ್ಟೆಗೇ ಬೂಸ್ಟು ಹಿಡಿಯುತ್ತದೆ. ಗಾಡಿಯ ಅಡಿಯಲ್ಲಿರುವ ಬೋಲ್ಟಿಗೆ ತುಕ್ಕು ಹಿಡಿಯದೆ ಇರುತ್ತದಾ?

0.3ರ ಕಥೆ ಇನ್ನೂ ವಿಚಿತ್ರ. ಏಳು ಪಿನ್ನಿನ ಪ್ಲಗ್ ಒಳಗೆ ಅರ್ಥ್ (ಮೈನಸ್) ವೈರ್ ತುಂಡಾಗಿತ್ತು. ಆದರೂ ಲೈಟುಗಳು ಉರಿಯುತ್ತಿದ್ದವು. ಕರೆಂಟ್ ಟ್ರೇಲರ್ ಎಳೆಯುವ ಕಬ್ಬಿಣದ ಗುಂಡಿನ ಮೂಲಕ, ಗ್ರೀಸ್ ದಾಟಿ, ವಾಪಸ್ ಹೋಗುತ್ತಿತ್ತು. ಘಾಟಿ ರಸ್ತೆಯಲ್ಲಿ ಗಾಡಿ ಕುಲುಕಿದಾಗಲೆಲ್ಲ ಆ ಸಂಪರ್ಕವೂ ಬಿಟ್ಟು ಬಿಟ್ಟು ಬರುತ್ತಿತ್ತು.

ಮೊದಲು ಬೋಲ್ಟ್ ಬಿಚ್ಚಿ, ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಎಮರಿ ಪೇಪರಿನಲ್ಲಿ ಉಜ್ಜಿದೆ. ಹೊಸ ಥಿಂಬಲ್ ಕ್ರಿಂಪ್ ಮಾಡಿ, ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿದೆ. ಬಿಗಿ ಮಾಡಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಬಳಿದೆ. ಇದಕ್ಕೆ ಖರ್ಚಾದದ್ದು ಅರ್ಧ ದಿನ ಮತ್ತು ಚಿಲ್ಲರೆ ದುಡ್ಡು.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ವೈರಿನ ದಪ್ಪವನ್ನೂ ಲೆಕ್ಕ ಹಾಕಿದೆ. ಹಾಕಿದ್ದದ್ದು 2.5 ಚದರ ಮಿಲಿಮೀಟರ್ ತಾಮ್ರದ ವೈರ್. ಮನೆಯ ಪ್ಲಗ್ ಪಾಯಿಂಟಿಗೆ ಹಾಕುವ ಗಾತ್ರ. 230 ವೋಲ್ಟಿನಲ್ಲಿ ಒಂದು ವೋಲ್ಟ್ ಕಳೆದರೆ ಯಾರಿಗೂ ಗೊತ್ತಾಗುವುದಿಲ್ಲ. 12 ವೋಲ್ಟಿನಲ್ಲಿ ಒಂದು ವೋಲ್ಟ್ ಕಳೆದರೆ ಚಾರ್ಜ್ ಸರಿಯಾಗಿ ಆಗುವುದೇ ಇಲ್ಲ. ಜೀಪಿನ ಬಾನೆಟ್ಟಿನಿಂದ ಟ್ರೇಲರಿನ ಬ್ಯಾಟರಿಗೆ 8 ಮೀಟರ್. ಹೋಗಿ ಬರುವುದು ಸೇರಿ 16 ಮೀಟರ್. 15 ಆಂಪಿಯರ್ ಹರಿದರೆ ಆ ವೈರಿನಲ್ಲೇ ಸುಮಾರು 1.6 ವೋಲ್ಟ್ ಹೋಗುತ್ತದೆ. 16 ಚದರ ಮಿಲಿಮೀಟರ್ ವೈರಾದರೆ ಕಾಲು ವೋಲ್ಟ್ ಮಾತ್ರ.

ಹಾಗಾಗಿ ಪ್ಲಸ್, ಮೈನಸ್ ಎರಡನ್ನೂ 16ರ ವೈರಿನಲ್ಲಿ ನೇರ ಬ್ಯಾಟರಿಯಿಂದ ಬ್ಯಾಟರಿಗೆ ಎಳೆದೆ. ಚಾಸಿಯನ್ನು ಈ ಕೆಲಸಕ್ಕೆ ನಂಬುವುದನ್ನೇ ಬಿಟ್ಟೆ. ಏಳು ಪಿನ್ನಿನ ಸಾಕೆಟ್ ಲೈಟುಗಳಿಗೆ ಮಾತ್ರ. ಚಾರ್ಜಿಗೆ ಬೇರೆ, ಹೆಚ್ಚು ಕರೆಂಟ್ ತಾಳುವ 50 ಆಂಪಿಯರಿನ ಆಂಡರ್ಸನ್ ಪ್ಲಗ್ ಹಾಕಿದೆ. ಒಂದು ಮಾತು ಒತ್ತಿ ಹೇಳುತ್ತೇನೆ. ಈ ವೈರಿನ ಎರಡೂ ತುದಿಯಲ್ಲಿ ಬ್ಯಾಟರಿ ಇದೆ. ಆದ್ದರಿಂದ ಪ್ಲಸ್ ವೈರಿಗೆ ಎರಡೂ ತುದಿಯಲ್ಲಿ, ಬ್ಯಾಟರಿಯ ಪಕ್ಕದಲ್ಲೇ, ಫ್ಯೂಸ್ ಬೇಕು. ನಾನು 40 ಆಂಪಿಯರ್ ಹಾಕಿದ್ದೇನೆ. ಒಂದೇ ಕಡೆ ಹಾಕಿದ್ದರೆ, ವೈರ್ ಎಲ್ಲಾದರೂ ಉಜ್ಜಿ ಚಾಸಿಗೆ ತಾಗಿದ ದಿನ ಇನ್ನೊಂದು ಬ್ಯಾಟರಿ ಬೆಂಕಿ ಹಚ್ಚುತ್ತದೆ. ನಡುವೆ ಒಂದು ವೋಲ್ಟೇಜ್ ರಿಲೇ ಕೂಡ ಇದೆ. ಜೀಪ್ ಓಡಿ 13.3 ವೋಲ್ಟ್ ದಾಟಿದಾಗ ಎರಡೂ ಬ್ಯಾಟರಿ ಸೇರಿಸುತ್ತದೆ, 12.8ಕ್ಕೆ ಇಳಿದಾಗ ಬಿಡಿಸುತ್ತದೆ. ರಾತ್ರಿ ಫ್ರಿಜ್ ಓಡಿ ಬೆಳಗ್ಗೆ ಜೀಪ್ ಸ್ಟಾರ್ಟ್ ಆಗದ ಭಯ ಇಲ್ಲ.

ಈಗ ಮತ್ತೆ ಅಳೆದೆ. ಟ್ರೇಲರ್ ಬ್ಯಾಟರಿಯಲ್ಲಿ 13.7 ವೋಲ್ಟ್. ಒಳಗೆ ಬರುತ್ತಿದ್ದದ್ದು 14 ಆಂಪಿಯರ್. ಮೂರರಿಂದ ಹದಿನಾಲ್ಕು! ಆ ಅಂಕಿ ನೋಡಿ ಒಳಗೆ ಹೋಗಿ ಅಮ್ಮನನ್ನು ಕರೆದುಕೊಂಡು ಬಂದು ತೋರಿಸಿದೆ.

ಭಾವನ ಹೊಸ ಗಾಡಿಗೆ ಇದೇ ಟ್ರೇಲರ್ ಕಟ್ಟಿದಾಗ ಮಾತ್ರ ಮತ್ತೆ ಚಾರ್ಜ್ ನಿಂತಿತು. ವೈರ್ ಸರಿ ಇತ್ತು. ಈಗಿನ ಹಲವು ಗಾಡಿಗಳಲ್ಲಿ ಡೀಸೆಲ್ ಉಳಿಸಲು ಆಲ್ಟರ್ನೇಟರಿನ (ನಾವು ಡೈನಮೋ ಅನ್ನುವುದು ಇದನ್ನೇ) ವೋಲ್ಟೇಜನ್ನು ಕಂಪ್ಯೂಟರೇ ಇಳಿಸುತ್ತದೆ. ಅವರ ಬ್ಯಾಟರಿ ತುಂಬಿದ ಮೇಲೆ 12.6ಕ್ಕೆ ಬಂತು, ನಮ್ಮ ರಿಲೇ ಬಿಟ್ಟುಕೊಂಡಿತು. ಅಂಥ ಗಾಡಿಗೆ ಡಿಸಿಯಿಂದ ಡಿಸಿಗೆ ವೋಲ್ಟೇಜ್ ಏರಿಸಿ ಕೊಡುವ ಚಾರ್ಜರ್ ಬೇಕು. ಲಿಥಿಯಂ ಬ್ಯಾಟರಿ ಹಾಕುವವರಿಗೂ ಅದೇ ಒಳ್ಳೆಯದು.

ಸೋಲಾರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟ್ರೇಲರಿನ ಮಾಳಿಗೆ ಮೇಲೆ 100 ವ್ಯಾಟ್ ಪ್ಯಾನೆಲ್ ಇದೆ. ಜನವರಿಯ ಮಧ್ಯಾಹ್ನ 5 ಆಂಪಿಯರ್ ಕೊಡುತ್ತದೆ. ಆರಿದ್ರಾ, ಪುನರ್ವಸುವಿನಲ್ಲಿ ಅರ್ಧ ಆಂಪಿಯರ್ ಬಂದರೆ ದೊಡ್ಡದು. ಅಡಿಕೆ ತೋಟದ ಪಕ್ಕ ನಿಲ್ಲಿಸಿದರೆ ಒಂದು ಸೋಗೆಯ ನೆರಳು ಬಿದ್ದರೂ ಕರೆಂಟ್ ಧಡಕ್ಕನೆ ಇಳಿಯುತ್ತದೆ, ಒಳಗಿನ ಸೆಲ್‌ಗಳು ಸರಪಳಿಯ ಹಾಗೆ ಜೋಡಿಸಿರುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಸೋಲಾರ್ ನಂಬಿ ಔಷಧಿ ಇಡಬೇಡಿ.

ಮನೆ ಕರೆಂಟಿನ ಚಾರ್ಜರ್ ಬೇಸಿಗೆಯ ಸಂಜೆ ಕೈಕೊಡುತ್ತಿತ್ತು. ತೋಟದ ಮೋಟಾರ್‌ಗಳೆಲ್ಲ ಓಡುವ ಹೊತ್ತಿಗೆ ನಮ್ಮ ಊರಿನಲ್ಲಿ ವೋಲ್ಟೇಜ್ 170ಕ್ಕೆ ಇಳಿಯುತ್ತಿತ್ತು. ಆಗ ಚಾರ್ಜರ್ ತಾನೇ ಬಂದ್ ಆಗುತ್ತಿತ್ತು. ಈಗ ರಾತ್ರಿ ಹತ್ತರ ಮೇಲೆ ಹಾಕುತ್ತೇವೆ. ಆ 230 ವೋಲ್ಟಿನ ಕಡೆ ನಾನು ಕೈ ಹಾಕಲಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ, ಕರೆಂಟ್ ಸೋರಿದರೆ ಕ್ಷಣದಲ್ಲೇ ಲೈನ್ ಕಡಿಯುವ ಆರ್‌ಸಿಸಿಬಿ ಹಾಕಿಸಿದೆ. ಒದ್ದೆ ನೆಲದ ಮೇಲೆ ನಿಂತು ತಗಡಿನ ಗಾಡಿ ಮುಟ್ಟುವವರು ನಾವು.

ಈ ವರ್ಷ ಮೇ ಕೊನೆಯಲ್ಲಿ ಎಲ್ಲ ಬೋಲ್ಟ್ ಬಿಚ್ಚಿ ಉಜ್ಜಿ ಮತ್ತೆ ಜೆಲ್ಲಿ ಬಳಿದೆ. ಲೋಡ್ ಹಾಕಿ ಮೈನಸ್‌ನಿಂದ ಮೈನಸ್‌ಗೆ ಅಳೆದೆ, 0.2. ಜುಲೈಯಲ್ಲಿ ಹೊಸನಗರದ ಆಚೆ ನಗರ ಎಂಬ ಊರಿನ ಕೋಟೆಯ ಹತ್ತಿರ ಎರಡು ರಾತ್ರಿ ಉಳಿದೆವು. ಮಳೆ ಬಿಡಲೇ ಇಲ್ಲ. ಅಮ್ಮ ದಿನಾ ಬೆಳಗ್ಗೆ ತನ್ನ ಸಕ್ಕರೆ ಎಷ್ಟಿದೆ ಅಂತ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ. ಈಗ ಅದರ ಪಕ್ಕದಲ್ಲೇ ಬ್ಯಾಟರಿಯ ಮೀಟರ್ ನೋಡಿ ಅದನ್ನೂ ಬರೆಯುತ್ತಾಳೆ. ನಗರದ ಎರಡನೇ ಬೆಳಗ್ಗೆ ಬರೆದದ್ದು: ಸಕ್ಕರೆ 132, ಬ್ಯಾಟರಿ 12.5.