ಪಾಸ್‌ಪೋರ್ಟಿನ ಸ್ಪೆಲ್ಲಿಂಗ್ ನಂಬಿ ಕೂಗಬೇಡಿ

ವಿಜಯಪುರದಲ್ಲಿ ಗೈಡ್, ಲಾಡ್ಜ್, ಟ್ಯಾಕ್ಸಿ ಕೆಲಸ ಮಾಡುವವರಿಗೆ ಒಂದು ಮಾತು. ಗೋಳಗುಮ್ಮಟದ ಗೇಟಿನ ಹತ್ತಿರ ನಾನು ಒಮ್ಮೆ 'ಸಿಯೋಭಾನ್ ಮೇಡಂ' ಅಂತ ಮೂರು ಸಲ ಕೂಗಿದೆ. ಪಕ್ಕದಲ್ಲೇ ಎಳನೀರು ಕುಡಿಯುತ್ತಿದ್ದ ಅವರು ತಿರುಗಿಯೂ ನೋಡಲಿಲ್ಲ. ಅದು ಐರಿಶ್ ಹೆಸರು, ಹೇಳುವುದು 'ಶಿವಾನ್'. ನಮ್ಮ ಶಿವಾನಂದನ ಮುಕ್ಕಾಲು ಭಾಗ! ಎಷ್ಟು ಸುಲಭ ಇತ್ತು, ಅಲ್ವಾ?

ಈಗ ಅತಿಥಿ ಬಂದ ಕೂಡಲೇ 'ನಿಮ್ಮ ಹೆಸರು ಹೇಗೆ ಹೇಳಬೇಕು?' ಅಂತ ಕೇಳುತ್ತೇನೆ. ಕಿವಿಗೆ ಬಿದ್ದದ್ದನ್ನು ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ಫೋನಿನಲ್ಲಿ ನಂಬರ್ ಸೇವ್ ಮಾಡುವುದೂ ಹಾಗೆಯೇ. ಕೇಳಿದ್ದನ್ನು ಬರೆಯಲು ನಮ್ಮ ಲಿಪಿ ಹೇಳಿ ಮಾಡಿಸಿದಂತಿದೆ. ಫ, ಜ ಕೆಳಗೆ ಎರಡು ಚುಕ್ಕೆ ಇಟ್ಟರೆ ಎಫ್, ಝಡ್ ಸದ್ದೂ ಸಿಗುತ್ತದೆ.

ಜೆ ಅಕ್ಷರ ಕಂಡರೆ ಹುಷಾರು. ಸ್ಪ್ಯಾನಿಷ್‌ನಲ್ಲಿ ಅದು ಹ ಹತ್ತಿರ, 'ಜೋಸ್' ಅಲ್ಲ 'ಹೊಸೆ'. ಜರ್ಮನ್‌ನಲ್ಲಿ ಯ, 'ಯೊಹಾನೆಸ್'. ಹಂಗೇರಿ, ವಿಯೆಟ್ನಾಂ ಕಡೆಯವರು ಮನೆತನದ ಹೆಸರನ್ನೇ ಮೊದಲು ಬರೆಯುತ್ತಾರೆ. ಅದಕ್ಕೇ ಯಾವುದರಿಂದ ಕರೆಯಬೇಕು ಅಂತಲೂ ಕೇಳಿಬಿಡಿ.

ಸುಮ್ನೆ 'ಸರ್' ಅಂದರೆ ಸಾಕಲ್ಲ ಅನ್ನುತ್ತೀರಾ? ಹನ್ನೆರಡು ಜನರ ಗುಂಪಿನಲ್ಲಿ ಒಮ್ಮೆ ಕೂಗಿ ನೋಡಿ. ಎಲ್ಲರೂ ತಿರುಗುತ್ತಾರೆ, ಜೊತೆಗೆ ಟಾಂಗಾದವನೂ.